ಮನೆಗೊಂದು ಬೆಳ್ಳಿ ರೂಪಾಯಿ

ನಮ್ಮ ದೊಡ್ಡತ್ತೆ ಬೀದಿಯಲ್ಲಿ ಎದುರಾದರೆ ಊರಿನ ಗಂಡಸರು ಬೀಡಿಯನ್ನು ಬೆನ್ನ ಹಿಂದಕ್ಕೆ ಮರೆಸಿ ನಿಲ್ಲುತ್ತಿದ್ದರು, ಹೆಂಗಸರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ಅವರು ದಾಟಿ ಹೋದ ಮೇಲೆ ಎಲ್ಲರೂ ತಿರುಗಿ ನೋಡುತ್ತಿದ್ದದ್ದು ಒಂದನ್ನೇ, ಸೊಂಟದಲ್ಲಿ ಸಂಚಿ ಇದೆಯೋ ಇಲ್ಲವೋ ಅಂತ. ಇಲ್ಲದಿದ್ದರೆ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಇದ್ದರೆ, ಅವರು ಯಾವ ಮನೆಯ ಬಾಗಿಲಿಗೆ ತಿರುಗುತ್ತಾರೆ ಅನ್ನುವುದು ಗೊತ್ತಾಗುವವರೆಗೆ ನಿಂತ ಜಾಗದಿಂದ ಕದಲುತ್ತಿರಲಿಲ್ಲ.

ಆ ಸಂಚಿ ಈಗ ನನ್ನ ಹತ್ತಿರ ಇದೆ. ಅದು ನನಗೆ ಬಂದ ಮೇಲೆ ನಾನು ಏನು ಮಾಡಿದೆ, ಅದರಿಂದ ನಮ್ಮ ಮಾವನವರ ಜೀವಕ್ಕೆ ಏನಾಯಿತು ಅನ್ನುವುದನ್ನು ಬಿಟ್ಟು ದೊಡ್ಡತ್ತೆಯ ಬಗ್ಗೆ ಬರೆಯುವುದು ನನ್ನಿಂದ ಆಗುವುದಿಲ್ಲ. ಎರಡು ಸಲ ಪ್ರಯತ್ನಪಟ್ಟಿದ್ದೇನೆ. ಅವರ ಮಾತು, ಬೈಗುಳ, ತಮಾಷೆ ಎಲ್ಲ ಬರೆದು, ಆ ವಿಷಯ ಬಂದ ಕೂಡಲೇ ಹಾಳೆ ಹರಿದು ಒಲೆಗೆ ಹಾಕಿದ್ದೇನೆ.

ನಾನು ತಿಪಟೂರು ಪೇಟೆಯವಳು. ತೊಂಬತ್ತರ ದಶಕದ ಶುರುವಿನಲ್ಲಿ ಮದುವೆಯಾಗಿ ಬಿಳಿಗೆರೆಯಿಂದ ಒಳಗಿರುವ ಈ ಊರಿಗೆ ಬಂದೆ. ನಮ್ಮತ್ತೆ ನಾನು ಬರುವ ಮುಂಚೆಯೇ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದವರು ನನ್ನ ಯಜಮಾನರು, ಪ್ರೈಮರಿ ಶಾಲೆಯ ಮೇಷ್ಟ್ರಾಗಿ ರಿಟೈರ್ ಆಗಿದ್ದ ಮಾವ, ಮತ್ತು ಮಾವನವರ ಅಣ್ಣನ ಹೆಂಡತಿಯಾದ ಈ ದೊಡ್ಡತ್ತೆ. ಅವರಿಗೆ ಮಕ್ಕಳಿರಲಿಲ್ಲ, ಗಂಡ ಹೋಗಿ ಬಹಳ ವರ್ಷವಾಗಿತ್ತು. ಕುಳ್ಳು, ಕಪ್ಪು, ದೊಡ್ಡ ಕಿವಿ. ಮನೆಯ ಯಜಮಾನಿಕೆ ಪೂರ್ತಿ ಅವರದೇ. ಮೊದಲನೇ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪ್ಯಾಟೆಯೋಳು ಕಣ್ರೀ ಮೇಷ್ಟ್ರೇ, ನೆಲ ಸಾರ್ಸೋಕೂ ಚಪ್ಲಿ ಹಾಕ್ಕೊತಾಳೆ" ಅಂದರು. ಆಮೇಲೆ ಹತ್ತು ವರ್ಷ ನನ್ನ ಹೆಸರು ಪ್ಯಾಟೆಯೋಳೇ ಆಯಿತು. ನನ್ನ ಮಗಳು ಹುಟ್ಟಿದಾಗ ಅದಕ್ಕೆ ಚಿಕ್ಕ ಪ್ಯಾಟೆ ಅಂತ ಹೆಸರಿಟ್ಟರು.

ನಮ್ಮ ಕಡೆ ತೀರಿಕೊಂಡವರಿಗೆ ನೀರು ಹಾಕಿ, ವಿಭೂತಿ ಧರಿಸಿ, ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ಒಂದು ನಾಣ್ಯ ಇಡುವುದು ರೂಢಿ. ಬೇರೆ ಊರುಗಳಲ್ಲಿ ಯಾರದಾದರೂ ಜೇಬಿನಿಂದ ತೆಗೆದ ರೂಪಾಯಿಯೇ ಸಾಕು. ನಮ್ಮೂರಲ್ಲಿ ಹಾಗಿರಲಿಲ್ಲ. ಇಲ್ಲಿ ಮನೆಗೊಂದು ಹಳೇ ಬೆಳ್ಳಿ ರೂಪಾಯಿ ಇತ್ತು. ಊರಿನ ಅಷ್ಟೂ ಮನೆಗಳ ನಾಣ್ಯ ಇರುತ್ತಿದ್ದದ್ದು ದೊಡ್ಡತ್ತೆಯ ಎಲೆಅಡಿಕೆ ಸಂಚಿಯ ಅರೆಗಳಲ್ಲಿ. ಅವರ ಅತ್ತೆ ಅವರಿಗೆ ಕೊಟ್ಟದ್ದು ಅದು. ಸಾವಾದ ಮನೆಯವರು ಹೇಳಿ ಕಳಿಸಿದರೆ ಅವರು ಹೋಗಿ ಆ ಮನೆಯ ನಾಣ್ಯವನ್ನೇ ತೆಗೆದು ಹಣೆಗಿಟ್ಟು, ಎತ್ತುವ ಮುಂಚೆ ವಾಪಸು ತೆಗೆದು, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬರುತ್ತಿದ್ದರು. ಒಂದು ಮನೆಯ ನಾಣ್ಯ ಇನ್ನೊಂದು ಮನೆಯವರ ಹಣೆ ಮುಟ್ಟಬಾರದು. ಯಾಕೆ ಅಂತ ನಾನು ಕೇಳಿದ್ದೆ.

"ಅವ್ರ ಸಾವ ಇವ್ರ ಮನೀಗೆ ನಾನ್ಯಾಕೆ ಹೊತ್ಕೊಂಡೋಗ್ಲಿ?" ಅಂದರು.

ಓದು ಬರಹ ಬರುತ್ತಿರಲಿಲ್ಲ. ಆದರೆ ಸಂಚಿಯೊಳಗೆ ಬೆರಳು ಇಟ್ಟರೆ ಯಾವುದು ಯಾರ ಮನೆಯದು ಅಂತ ಗೊತ್ತಾಗುತ್ತಿತ್ತು. ರಾಣಿ ತಲೆಯದು ಪಟೇಲರ ಮನೆಯದು. ಬೋಳು ತಲೆಯ ರಾಜನದು ಎದುರುಮನೆ ಗಂಗಮ್ಮನವರದು. ಸರದಿಂದ ಬಿಚ್ಚಿದ, ಕೊಂಡಿಯ ಗುರುತು ಉಳಿದದ್ದು ಅಂಗಡಿ ಬಸಣ್ಣನ ಮನೆಯದು. ಅಂಚು ಸ್ವಲ್ಪ ತಿಂದುಹೋಗಿ, ಕಿರೀಟದ ರಾಜನ ಮೂಗು ಸವೆದದ್ದು ನಮ್ಮದು. ಅಣ್ಣತಮ್ಮಂದಿರು ಭಾಗವಾಗಿ ಬೇರೆ ಒಲೆ ಹೂಡಿದರೆ, ಬೇರೆ ಹೋದವನು ಎಲ್ಲಿಂದಾದರೂ ಒಂದು ಬೆಳ್ಳಿ ರೂಪಾಯಿ ಹುಡುಕಿ ತಂದು ದೊಡ್ಡತ್ತೆಗೆ ಒಪ್ಪಿಸಬೇಕು. ಒಬ್ಬ ಹೊಸ ಸ್ಟೀಲ್ ರೂಪಾಯಿ ತಂದುಕೊಟ್ಟಿದ್ದ, ಕಾಲ ಬದಲಾಗಿದೆ ಅಂತ. ದೊಡ್ಡತ್ತೆ ಅದನ್ನು ಕಲ್ಲಿಗೆ ಕುಟ್ಟಿ ಸದ್ದು ಕೇಳಿ, "ಇದ ಬಸ್ಸಿನೋನಿಗೆ ಕೊಡು ಹೋಗ್ಲಾ. ಹಣೆ ಮ್ಯಾಲೆ ಇಟ್ರೆ ಸತ್ತೋನೇ ಎದ್ದು ನಗ್ತಾನೆ" ಅಂದಿದ್ದರು. ಅವನು ಒಂದು ತಿಂಗಳು ಅಲೆದು ಚಿಕ್ಕನಾಯಕನಹಳ್ಳಿಯ ಅಕ್ಕಸಾಲಿಗರ ಹತ್ತಿರ ಒಂದು ಬೆಳ್ಳಿಯದು ತಂದ.

ಇದರಲ್ಲಿ ಹೆದರುವಂಥದ್ದು ಏನಿತ್ತು ಅಂದರೆ, ತಿಕ್ಕುವುದು.

ಸಂಚಿಯಲ್ಲಿ ವರ್ಷಗಟ್ಟಲೆ ಇದ್ದರೆ ಬೆಳ್ಳಿ ಕಪ್ಪಾಗುತ್ತದೆ. ಕಪ್ಪು ನಾಣ್ಯವನ್ನು ಹಣೆಗಿಟ್ಟು ಕಳಿಸುವುದು ದೊಡ್ಡತ್ತೆಗೆ ಒಗ್ಗುತ್ತಿರಲಿಲ್ಲ. ಸಾವಾದ ಮೇಲೆ ಆ ಗಡಿಬಿಡಿಯಲ್ಲಿ ತಿಕ್ಕುತ್ತಾ ಕೂರಲು ಆಗುತ್ತದೆಯೇ? ಹಾಗಾಗಿ ಯಾರಿಗಾದರೂ ಕೈಮೀರಿದೆ ಅಂತ ಗೊತ್ತಾದರೆ ಮುಂಚೆಯೇ ಆ ಮನೆಯ ನಾಣ್ಯ ತೆಗೆದು, ಹುಣಸೆಹಣ್ಣು ವಿಭೂತಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿ, ಮೊರದಲ್ಲಿಟ್ಟು ಜಗಲಿಯ ಬಿಸಿಲಿಗೆ ಇಡುತ್ತಿದ್ದರು. ಪಾತ್ರೆ ಬೆಳಗಿ ಇಟ್ಟಷ್ಟೇ ಸಹಜವಾಗಿ ಮಾಡುತ್ತಿದ್ದರು. ಆದರೆ ನಮ್ಮ ಜಗಲಿ ಇರುವುದು ಬಾವಿಗೆ ಹೋಗುವ ದಾರಿಯಲ್ಲಿ. ನೀರಿಗೆ ಹೋಗುವ ಹೆಂಗಸರು ಮೊರದೊಳಗೆ ಇಣುಕಿದರೆ ಸಾಕು, ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ. ಆ ಮನೆಗೆ ನೆಂಟರು ಬರಲು ಶುರುವಾಗುತ್ತಿತ್ತು.

ಅವರಿಗೆ ಹೇಗೆ ಗೊತ್ತಾಗುತ್ತಿತ್ತು? ನಾನೂ ಕೇಳಿದ್ದೆ. ಆಗ ನಾವು ಅಟ್ಟದ ಮೇಲಿದ್ದೆವು. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಬೇರೆಯಾಗಿ, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಊರಿನಲ್ಲಿ ದೊಡ್ಡತ್ತೆಯ ಕಿವಿಯಷ್ಟು ಸೂಕ್ಷ್ಮ ಕಿವಿ ಇನ್ನೊಂದಿರಲಿಲ್ಲ. ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ಈ ಕಡೆಗೊಂದು ಆ ಕಡೆಗೊಂದು ಹಾಕುತ್ತಾ ಹೇಳಿದರು:

"ಇದು ಬುಟ್ಟೈತೆ, ಅದು ಇನ್ನೂ ಹಿಡ್ಕೊಂಡೈತೆ ಅಂತ ಗೊತ್ತಾಗಲ್ವಾ? ಮನುಷ್ರೂ ಹಂಗೇ ಕಣೇ. ಮಾತಾಡ್ಸಿದ್ರೆ ಗೊತ್ತಾಗ್ತದೆ. ಒಳಗೆ ಬುಟ್ಟಿರೋರ ಮಾತೇ ಬ್ಯಾರೆ."

ನಾನು ನಕ್ಕೆ. ಅವರು ನಗಲಿಲ್ಲ. ಕೈಯಲ್ಲಿದ್ದ ಕಾಯಿ ಇಟ್ಟು ನನ್ನ ಮುಖ ನೋಡಿದರು. "ನೀನು ಹಿಡ್ಕೊಂಡಿದೀಯ ಬುಡು, ಗಟ್ಟಿ ಕಾಯಿ" ಅಂದರು. ಆವತ್ತೆಲ್ಲ ನನಗೆ ಮೈ ಸರಿ ಇರಲಿಲ್ಲ.

ಅಂಗಡಿ ಬಸಣ್ಣನ ಸಂಗತಿ ಆದದ್ದು ನಾನು ಬಂದ ಎರಡನೇ ವರ್ಷ. ಬಸಣ್ಣ ಊರಿನ ಒಂದೇ ದಿನಸಿ ಅಂಗಡಿಯವನು. ಕಾಮಾಲೆ ಆಗಿ ಮಲಗಿದ್ದ. ಅವನ ಹೆಂಡತಿ ಹಗಲು ರಾತ್ರಿ ಅಂಗಡಿ, ಗಂಡ ಎರಡನ್ನೂ ನೋಡಿಕೊಳ್ಳುತ್ತಿದ್ದಳು. ದೊಡ್ಡತ್ತೆ ನೋಡಿಕೊಂಡು ಬಂದವರು ಹುಣಸೆಹಣ್ಣು ನೆನೆಹಾಕಿದರು. ಕೊಂಡಿ ಗುರುತಿನ ನಾಣ್ಯ ಮೊರಕ್ಕೆ ಬಂತು. ಬಸಣ್ಣನ ನೆಂಟರೆಲ್ಲ ತುರುವೇಕೆರೆಯಿಂದ ಬಸ್ಸು ಹತ್ತಿ ಬಂದರು, ಅತ್ತರು, ಹಳೆಯ ಜಗಳ ಮುಗಿಸಿಕೊಂಡರು, ಕಾದರು. ಬಸಣ್ಣ ಒಂದು ವಾರಕ್ಕೆ ಎದ್ದು ಕೂತು ಗಂಜಿ ಕೇಳಿದ. ಹತ್ತು ದಿನಕ್ಕೆ ಅಂಗಡಿ ತೆರೆದ. ಊರಿಗೆ ಊರೇ ನಕ್ಕಿತು. ಮಾವನವರಂತೂ ದೊಡ್ಡತ್ತೆಯನ್ನು ಬಿಡಲಿಲ್ಲ.

"ಅತ್ತಿಗೆ, ಯಮಧರ್ಮ ನಿಮ್ಮ ಕಾಗದ ಓದ್ಲಿಲ್ವಂತೆ. ಅಡ್ರೆಸ್ ತಪ್ಪಾಗಿತ್ತಂತೆ."

"ನಾಚ್ಕೆ ಇಲ್ದೋನು ಕಣ್ರೀ ಆ ಬಸಣ್ಣ. ಸುಮ್ನೆ ಒಂದುಂಡೆ ಹುಣಸೇಹಣ್ಣು ದಂಡ" ಅಂದರು ದೊಡ್ಡತ್ತೆ. ಆದರೆ ನಾಣ್ಯವನ್ನು ವಾಪಸು ಸಂಚಿಗೆ ಹಾಕಲಿಲ್ಲ. ಹಾಕಿ ಅಂತ ನಾನು ಹೇಳಿದ್ದಕ್ಕೆ, "ನಾಣ್ಯ ಮನೇದು ಕಣೇ, ಅವನೊಬ್ಬಂದಲ್ಲ" ಅಂದರು. ಆ ತಿಂಗಳು ಮುಗಿಯುವುದರೊಳಗೆ ಬಸಣ್ಣನ ಹೆಂಡತಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತಲ್ಲೇ ಹೋಗಿಬಿಟ್ಟಳು. ಮೂವತ್ತೈದು ವರ್ಷವೂ ಆಗಿರಲಿಲ್ಲ.

ಅವತ್ತಿನಿಂದ ಒಂದು ಮನೆಯ ನಾಣ್ಯ ಮೊರಕ್ಕೆ ಬಂತು ಅಂದರೆ ಕಾಯಿಲೆಯವರು ಮಾತ್ರ ಹೆದರುವುದಲ್ಲ, ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವಂತಾಯಿತು. ಬಸಣ್ಣ ದೊಡ್ಡತ್ತೆಯನ್ನು ಮತ್ತೆ ಮಾತಾಡಿಸಲಿಲ್ಲ. ನಾವು ಬೆಲ್ಲ ಬೇಕೆಂದರೂ ಬಿಳಿಗೆರೆಗೆ ಹೋಗಬೇಕಾಗಿತ್ತು.

ಅವರು ಕೆಟ್ಟವರಾಗಿದ್ದರಾ? ಇದನ್ನು ನಾನು ತುಂಬಾ ಯೋಚಿಸಿದ್ದೇನೆ. ಬಾಯಿ ಕೆಟ್ಟದ್ದು, ಅದು ನಿಜ. ಮದುವೆ ಮನೆಗಳಿಗೆ ಇವರನ್ನು ಕರೆಯುತ್ತಿದ್ದರು, ಆದರೆ ಧಾರೆ ಮುಗಿಯುವವರೆಗೆ ಹಿತ್ತಲಲ್ಲಿ ತರಕಾರಿ ಹೆಚ್ಚುವ ಕಡೆ ಕೂರಿಸುತ್ತಿದ್ದರು. ಬಾಣಂತಿಯರ ಕೋಣೆಗೆ ಅವರಾಗಿಯೇ ಹೋಗುತ್ತಿರಲಿಲ್ಲ. ನನ್ನ ಮಗಳನ್ನು ಮೂರು ತಿಂಗಳು ಬಾಗಿಲಾಚೆಯಿಂದಲೇ ನೋಡಿದರು. "ಎತ್ಕೊಳ್ಳಿ ದೊಡ್ಡತ್ತೆ" ಅಂದರೆ, "ಈ ಕೈ ಎಲ್ಲೆಲ್ಲಿ ಮುಟ್ಟೈತೋ, ಯಾಕ್ ಬುಡು" ಅನ್ನುತ್ತಿದ್ದರು. ಅಷ್ಟು ಹೇಳುವಾಗ ಮಾತ್ರ ಅವರ ದನಿ ಸಣ್ಣದಾಗುತ್ತಿತ್ತು. ನನಗೆ ಅಯ್ಯೋ ಅನ್ನಿಸುತ್ತಿತ್ತು.

ಮಾವನವರಿಗೆ ಲಕ್ವ ಹೊಡೆದದ್ದು ಒಂದು ಬೆಳಗ್ಗೆ, ಬಚ್ಚಲಿನ ಹತ್ತಿರ. ತಿಪಟೂರಿನ ಆಸ್ಪತ್ರೆಯಲ್ಲಿ ಎರಡು ವಾರ ಇಟ್ಟುಕೊಂಡು ಮನೆಗೆ ಕಳಿಸಿದರು. ಎಡಗೈ ಎಡಗಾಲು ಬಿದ್ದುಹೋಗಿತ್ತು, ಬಾಯಿ ಸೊಟ್ಟಗಾಗಿತ್ತು. ಮಾತ್ರೆ ತಪ್ಪಬಾರದು, ಊಟ ಸರಿಯಾಗಿ ಸೇರಬೇಕು, ಕೈಕಾಲು ಆಡಿಸುತ್ತಿದ್ದರೆ ಸರಿಹೋಗುತ್ತದೆ ಅಂದಿದ್ದರು ಡಾಕ್ಟರು. ಆದರೆ ಮಾವ ಬಾಯಿಯೇ ಬಿಡುತ್ತಿರಲಿಲ್ಲ. ಶಾಲೆಯ ನಾಲ್ಕು ಗೋಡೆ ಅದುರುವಂತೆ ಪದ್ಯ ಹೇಳುತ್ತಿದ್ದ ಮನುಷ್ಯ, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ನೀರಿಗೆ ಹೋಗುವವರು ನಮ್ಮ ಜಗಲಿಯ ಮುಂದೆ ಕಾಲು ಎಳೆಯುತ್ತಾ ಹೋಗಲು ಶುರುಮಾಡಿದರು. ಗಂಗಮ್ಮ ಒಳಗೇ ಬಂದು ದೊಡ್ಡತ್ತೆಯ ಕಿವಿಯಲ್ಲಿ, "ಅವ್ವ, ನಿಮ್ದೊಂದು ತಿಕ್ಕಿ ಇಟ್ಕಬಾರ್ದಾ? ಆಮ್ಯಾಕೆ ಪರದಾಡದ್ಯಾಕೆ" ಅಂದಳು.

ದೊಡ್ಡತ್ತೆ ಎದ್ದ ರಭಸಕ್ಕೆ ಗಂಗಮ್ಮ ಹೊಸ್ತಿಲಾಚೆ ಹೋದಳು. ದೊಡ್ಡತ್ತೆ ಸಂಚಿಗೆ ಕೈಹಾಕಿ ನಮ್ಮ ನಾಣ್ಯ ತೆಗೆದು ಸೀದಾ ಮಾವನವರ ಮಂಚದ ಹತ್ತಿರ ಹೋದರು. ನಾನು ಗಾಬರಿಯಿಂದ ಹಿಂದೆ ಹೋದೆ.

"ಮೇಷ್ಟ್ರೇ, ಈ ಕಡೆ ತಿರುಗ್ರಿ. ಕಣ್ ಬುಡ್ರಿ. ಇದೇನು?"

ಮಾವ ಕಣ್ಣು ಬಿಟ್ಟರು.

"ಹೆಂಗೈತೆ ಹೇಳ್ರಿ. ಮಕ್ಳನ್ನ ಪ್ರಶ್ನೆ ಕೇಳ್ತಿದ್ರಲ್ಲ, ಈಗ ನೀವ್ ಹೇಳ್ರಿ."

"ಕಪ್ಪಗೆ" ಅಂದರು ಮಾವ. ಆಸ್ಪತ್ರೆಯಿಂದ ಬಂದ ಮೇಲೆ ಅವರಾಡಿದ ಮೊದಲ ಮಾತು ಅದು.

"ಕಪ್ಪಗೈತಲ್ಲ? ನಾನು ತಿಕ್ಕಿಲ್ಲ. ತಿಕ್ಕೋದೂ ಇಲ್ಲ. ಹಂಗಾದ್ರೆ ಎದ್ದು ಮುದ್ದೆ ನುಂಗ್ರಿ. ನಿಮ್ಗೋಸ್ಕರ ಸೊಪ್ಪಿನ ಸಾರು ಆರಿಹೋಗ್ತೈತೆ."

ಮಾವ ನಕ್ಕರು. ಅರ್ಧ ಬಾಯಿಯ ನಗು. ಅವತ್ತು ಅರ್ಧ ಮುದ್ದೆ ತಿಂದರು.

ಅಲ್ಲಿಂದ ಎರಡು ವರ್ಷ, ದಿನಾ ಬೆಳಗ್ಗೆ ನಾನು ಮಾತ್ರೆ ನೀರು ಹಿಡಿದು ನಿಂತರೆ ದೊಡ್ಡತ್ತೆ ನಾಣ್ಯ ಹಿಡಿದು ನಿಲ್ಲುತ್ತಿದ್ದರು. "ಹೆಂಗೈತೆ ಮೇಷ್ಟ್ರೇ?" "ಕಪ್ಪಗಿದೆ ಅತ್ತಿಗೆ." "ನುಂಗ್ರಿ ಹಂಗಾದ್ರೆ." ಮಾತ್ರೆ ಒಳಗೆ ಹೋಗುತ್ತಿತ್ತು. ಮಾವ ಕೋಲು ಹಿಡಿದು ನಡುಮನೆವರೆಗೆ ಬಂದರು, ಆಮೇಲೆ ಜಗಲಿಗೆ, ಆಮೇಲೆ ತೋಟದ ತಂತಿಬೇಲಿವರೆಗೆ. ನನಗೆ ಇದು ಇಬ್ಬರು ಮುದುಕರ ಆಟ ಅನ್ನಿಸಿತ್ತು. ಮಾವ ಓದಿದವರು, ದೊಡ್ಡತ್ತೆಯನ್ನು ಯಮನ ಮನೆ ಪೋಸ್ಟ್ ಮಾಸ್ಟರ್ ಅಂತ ರೇಗಿಸುತ್ತಿದ್ದವರು. ಅವರು ಇದನ್ನೆಲ್ಲ ನಂಬುತ್ತಾರೆ ಅಂತ ನಾನು ಕನಸಿನಲ್ಲೂ ಎಣಿಸಲಿಲ್ಲ. ತಮಾಷೆ ಮಾಡುವವರು ಹೆದರುವುದಿಲ್ಲ ಅಂದುಕೊಂಡಿದ್ದೆ. ನನ್ನ ಮೂರ್ಖತನ ಶುರುವಾದದ್ದೇ ಅಲ್ಲಿಂದ.

ಒಂದು ದಿನ ದೊಡ್ಡತ್ತೆ ನನ್ನನ್ನು ಅಟ್ಟಕ್ಕೆ ಕರೆದು ಸಂಚಿಯನ್ನು ಮಡಿಲಿಗೆ ಹಾಕಿದರು. ನಾನು ಹಾವು ಬಿದ್ದಂತೆ ಎದ್ದು ನಿಂತೆ. ಅದು ನನಗೆ ಬೇಡ, ಪಟೇಲರ ಮನೆಗೆ ಕೊಡಿ, ಮಠಕ್ಕೆ ಕೊಡಿ ಅಂದೆ.

"ಬ್ಯಾರೆ ಯಾರಿಗಾನ ಕೊಟ್ರೆ ಹೆದರಿಸ್ತಾರೆ ಕಣೇ" ಅಂದರು. "ಇದ ಇಟ್ಕಂಡೋರಿಗೆ ತಿಕ್ಕೋಕೆ ಬಂದ್ರೆ ಸಾಲ್ದು, ತಿಕ್ದೆ ಇರೋಕೆ ಬರ್ಬೇಕು. ಯಾರ್ ಕೇಳಿದ್ರೂ ತಿಕ್ಬೇಡ. ನಿಂಗೇ ಗೊತ್ತಾಗೋ ತಂಕ ಮುಟ್ಬೇಡ. ಇನ್ನೊಂದು ಮಾತು. ನಾ ಹೋದಾಗ ನಂಗೆ ನಮ್ಮನೆ ನಾಣ್ಯ ಇಡ್ಬೇಡ್ರಿ. ನಿಮ್ ಸ್ಟೀಲ್ ರೂಪಾಯಿ ಇಡ್ರಿ, ಸಾಕು."

"ಅದೇನು ದೊಡ್ಡತ್ತೆ, ಸತ್ತವರು ಎದ್ದು ನಗ್ತಾರೆ ಅಂತಿದ್ರಲ್ಲ?"

"ನಗ್ತೀನಿ ಬುಡು, ನಿಂಗೇನು" ಅಂದರು.

ಮರುವರ್ಷ ಬೇಸಿಗೆಯಲ್ಲಿ, ಅಟ್ಟದಿಂದ ಕಾಯಿ ಇಳಿಸುವ ದಿನ, ಎದೆ ಹಿಡಿದುಕೊಳ್ಳುತ್ತದೆ ಅಂದರು. ಆಳುಗಳು ಇಳಿಸಿಕೊಂಡು ಬಂದು ಮಲಗಿಸುವ ಹೊತ್ತಿಗೆ ಮುಗಿದಿತ್ತು. ಊರಿಗೆಲ್ಲ ಬೆಳ್ಳಿ ಇಟ್ಟ ಹೆಂಗಸಿಗೆ ನಾವು ಸ್ಟೀಲ್ ರೂಪಾಯಿ ಇಟ್ಟೆವು. ನೋಡಲು ಬಂದವರು ಗುಸುಗುಸು ಅಂದುಕೊಂಡರು. ದೊಡ್ಡತ್ತೆಗೆ ಕೊನೆಗಾಲದಲ್ಲಿ ವಿನಯ ಬಂತು ಅಂತ ನಾನು ತಿಳಿದುಕೊಂಡೆ. ಯಾಕೆ ಹಾಗೆ ಹೇಳಿದ್ದರು ಅನ್ನುವುದು ಆ ಮನೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಕೋಲು ಊರಿಕೊಂಡು ಬಂದ ಮಾವ ಆ ಸ್ಟೀಲ್ ರೂಪಾಯಿಯನ್ನು ನೋಡಿ ಬಿಕ್ಕಿಬಿಕ್ಕಿ ಅತ್ತರು. ಹೆಂಡತಿ ಹೋದಾಗಲೂ ಅವರು ಅಷ್ಟು ಅತ್ತಿರಲಿಲ್ಲವಂತೆ.

ಸಂಚಿ ನನ್ನದಾಯಿತು. ಮಾವ ನಾಣ್ಯ ತೋರಿಸು ಅನ್ನಲಿಲ್ಲ, ಮಾತ್ರೆಯನ್ನೂ ತಪ್ಪಿಸಲಿಲ್ಲ, ಆ ಆಟ ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಹದಿನೈದು ದಿನಕ್ಕೆ ಊರು ಬದಲಾಯಿತು. ಊರು ಬದಲಾಗಲಿಲ್ಲ, ನನ್ನನ್ನು ನೋಡುವ ಕಣ್ಣು ಬದಲಾಯಿತು. ಬಾವಿಯ ಹತ್ತಿರ ಹೋದರೆ ನನಗೆ ಮೊದಲು ಹಗ್ಗ ಕೊಟ್ಟು ದೂರ ಸರಿಯುತ್ತಿದ್ದರು. ಶಾಲೆಯಲ್ಲಿ ನನ್ನ ಮಗಳ ಪಕ್ಕ ಯಾರೂ ಕೂರಲಿಲ್ಲ. "ನಿಮ್ಮಮ್ಮನ ಹತ್ರ ನಮ್ಮನೆ ಸಾವಿನ ದುಡ್ಡೈತೆ" ಅಂದರಂತೆ. ಮಗು ಮನೆಗೆ ಬಂದು ಊಟ ಬಿಟ್ಟು ಅತ್ತಿತು. ನನಗೆ ರೇಗಿಹೋಯಿತು. ಯಜಮಾನರು, ತಿಪಟೂರಿಗೆ ಒಯ್ದು ಮಾರಿಬಿಡು ಅಂದರು. ಬೇರೆಯವರ ಮನೆಯದನ್ನು ಮಾರುವುದು ಹೇಗೆ? ನಾನು ಬೇರೆ ದಾರಿ ಹುಡುಕಿದೆ. ಯಾರ ನಾಣ್ಯ ಅವರಿಗೇ ಕೊಟ್ಟುಬಿಡುವುದು. ದೀಪಾವಳಿ ಹತ್ತಿರ ಬಂದಿತ್ತು. ಅವರವರ ಲಕ್ಷ್ಮೀ ಪೂಜೆಗೆ ಅವರವರೇ ಇಟ್ಟುಕೊಳ್ಳಲಿ. ನಾಣ್ಯಗಳಿಗೂ ಸಂಚಿಯಿಂದ ಬಿಡುಗಡೆ, ನನಗೂ ಬಿಡುಗಡೆ. ಅಷ್ಟು ಒಳ್ಳೆಯ ಯೋಚನೆ ನನ್ನ ಜನ್ಮದಲ್ಲಿ ನನಗೆ ಬಂದಿರಲಿಲ್ಲ ಅನ್ನಿಸಿತು.

ಆದರೆ ಕಪ್ಪು ಹಿಡಿದದ್ದನ್ನು ಹೇಗೆ ವಾಪಸು ಕೊಡುವುದು? ಪಕ್ಕದ ಮನೆಯಿಂದ ತಂದ ಪಾತ್ರೆಯನ್ನು ಬೆಳಗದೆ ಹಿಂದಿರುಗಿಸಬಾರದು ಅಂತ ನನ್ನ ತಾಯಿ ಕಲಿಸಿದ್ದರು. ಆ ಮರ್ಯಾದೆ ಒಂದೇ ನನ್ನ ತಲೆಯಲ್ಲಿದ್ದದ್ದು.

ಬೆಳಗ್ಗೆ ಹುಣಸೆಹಣ್ಣು ನೆನೆಹಾಕಿ ಅಷ್ಟೂ ನಾಣ್ಯ ತಿಕ್ಕಿದೆ. ಎಷ್ಟೋ ವರ್ಷದ ಕಪ್ಪು ಹೋಗಿ ರಾಜ ರಾಣಿಯರ ಮುಖ ಕಾಣುವಾಗ ನನಗೆ ಖುಷಿಯೇ ಆಯಿತು. ದೊಡ್ಡ ಮೊರದಲ್ಲಿ ಹರಡಿ ಜಗಲಿಯ ಬಿಸಿಲಿಗಿಟ್ಟು, ಕೈ ಒರೆಸಿಕೊಳ್ಳುತ್ತಾ ನಿಂತೆ. ಮೊದಲು ಬಂದವಳು ಗಂಗಮ್ಮ. ಕೊಡ ಕಂಕುಳಲ್ಲಿತ್ತು. ಮೊರ ನೋಡಿದಳು. ಇನ್ನೊಂದು ಸಲ ನೋಡಿದಳು.

"ಎಲ್ಲಾರ್ದೂನಾ?" ಅಂದಳು.

"ಹೂಂ ಗಂಗಮ್ಮ, ಯಾರದ್ದೂ ಬಿಟ್ಟಿಲ್ಲ. ನಿಮ್ಮದು ಈಗಲೇ ತಗೊಂಡು ಹೋಗಿ" ಅಂತ ಬೋಳು ತಲೆಯ ರಾಜನನ್ನು ಹುಡುಕಿ ಕೊಡಲು ಹೋದೆ.

ಅವಳು ಕೊಡವನ್ನು ಅಲ್ಲೇ ಇಳಿಸಿ ಎರಡೂ ಕೈ ಮುಗಿದಳು. "ಬ್ಯಾಡ ಕಣವ್ವ. ಮುಟ್ಟುಸ್ಬೇಡ. ನಿನ್ ದಮ್ಮಯ್ಯ. ಮನೇಲಿ ಬಸುರಿ ಸೊಸೆ ಅವ್ಳೆ." ಕೊಡ ಬಿಟ್ಟು ಓಡಿಹೋದಳು. ಆ ಹಗಲು ಬಾವಿಗೆ ಯಾರೂ ಬರಲಿಲ್ಲ. ನಾನು ಮನೆಮನೆಗೂ ಹೋದೆ. ಬಾಗಿಲು ಹಾಕಿಕೊಂಡರು. ಬಸಣ್ಣ ಅಂಗಡಿಯಿಂದ ಇಳಿದು ಬಂದು, "ಅಮ್ಮಾ, ಆ ಮುದುಕಿ ಒಂದೊಂದೇ ಮನೆ ನೋಡ್ತಿದ್ಲು. ನೀವು ಒಂದೇ ಏಟಿಗೆ ಊರೆಲ್ಲ ಮುಗಿಸಿದ್ರಲ್ಲ" ಅಂದ. ಅವನ ಮುಖದಲ್ಲಿ ಕೋಪವಿರಲಿಲ್ಲ. ಅದರಿಂದ ನನಗೆ ಇನ್ನೂ ಹೆಚ್ಚು ಭಯವಾಯಿತು.

ಮೊರ ಎತ್ತಿಕೊಂಡು ಒಳಗೆ ಹೋಗೋಣ ಅಂತ ವಾಪಸು ಬಂದರೆ, ಮಾವ 'ಟಕ್ ಟಕ್' ಅಂತ ಕೋಲು ಊರಿಕೊಂಡು ಬಂದು ಜಗಲಿಯ ಮೇಲೆ, ಮೊರದ ಪಕ್ಕವೇ ಕೂತಿದ್ದರು.

"ನಮ್ಮದೂ ಇದೆಯೇನಮ್ಮ ಇದರಲ್ಲಿ?"

ಅಷ್ಟಾದ ಮೇಲಾದರೂ ನನಗೆ ಬುದ್ಧಿ ಬರಬೇಕಾಗಿತ್ತು. ಊರವರ ಮೇಲಿನ ಸಿಟ್ಟಿನಲ್ಲಿದ್ದೆ. "ಇದೆ ಮಾವ, ಎಲ್ಲಕ್ಕಿಂತ ಮೊದಲು ನಮ್ಮದನ್ನೇ ತಿಕ್ಕಿದ್ದು. ನೋಡಿ, ಹೆಂಗೆ ಹೊಳೀತಿದೆ" ಅಂತ ಅಂಚು ತಿಂದ ನಾಣ್ಯ ಎತ್ತಿ ಅವರ ಅಂಗೈಯಲ್ಲಿಟ್ಟೆ.

ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹೌದಲ್ಲ" ಅಂದರು. ನನ್ನ ಕೈಗೆ ವಾಪಸು ಕೊಟ್ಟು ನಿಧಾನವಾಗಿ ಒಳಗೆ ಹೋದರು.

ಸಂಜೆ ಮಾತ್ರೆ ಹಿಡಿದು ನಿಂತಾಗ, "ಅಲ್ಲಿಡಮ್ಮ, ತಗೋತೀನಿ" ಅಂದರು. ಬೆಳಗ್ಗೆ ನೋಡಿದರೆ ಮಾತ್ರೆ ಹಾಗೇ ಇತ್ತು. ಮುದ್ದೆ ಮುರಿದು ಬಾಯಿಗಿಟ್ಟರೆ, ಸಾಕು ಅನ್ನುತ್ತಿದ್ದರು. ಸಿಟ್ಟಿಲ್ಲ, ಹಟವಿಲ್ಲ. ಮೊಮ್ಮಗಳನ್ನು ಕರೆದು ಮಗ್ಗಿ ಕೇಳುತ್ತಿದ್ದರು, ಮಗನನ್ನು ಕರೆದು ಯಾವ ಮರಕ್ಕೆ ಗೊಬ್ಬರ ಹಾಕಬೇಕು ಅಂತ ಹೇಳುತ್ತಿದ್ದರು. ತಿಪಟೂರಿನಿಂದ ಡಾಕ್ಟರನ್ನು ಕರೆಸಿದೆವು. ಅವರು ನೋಡಿ, ಬಿಪಿ ಚೆನ್ನಾಗಿದೆ, ಹೆದರುವಂಥದ್ದು ಏನೂ ಇಲ್ಲ, ಊಟ ಮಾಡಿಸಿ ಅಷ್ಟೇ ಅಂದರು. ಬಾಗಿಲಲ್ಲಿ ನಿಂತಿದ್ದ ನನಗೆ ಆಗ ಎಲ್ಲವೂ ಒಟ್ಟಿಗೆ ತಲೆಗೆ ಹೋಯಿತು. ಎರಡು ವರ್ಷ ಈ ಮನುಷ್ಯನ ಗಂಟಲಲ್ಲಿ ಮಾತ್ರೆ ಇಳಿಸಿದ್ದು ನನ್ನ ನೀರಲ್ಲ, ಆ ಕಪ್ಪು. ತನಗೋಸ್ಕರ ನಮ್ಮ ನಾಣ್ಯ ತಿಕ್ಕುವಂತಾಗಬಾರದು ಅಂತ, ತನ್ನ ಹಣೆಗೆ ಸ್ಟೀಲ್ ರೂಪಾಯಿ ಕೇಳಿಕೊಂಡು ಆ ಮುದುಕಿ ಕಾಪಾಡಿದ್ದು ಅದನ್ನೇ. ನಾನು ಒಂದುಂಡೆ ಹುಣಸೆಹಣ್ಣಿನಲ್ಲಿ ಅದನ್ನು ತೊಳೆದು ಬಚ್ಚಲಿಗೆ ಚೆಲ್ಲಿದ್ದೆ.

ಬೆಳ್ಳಿ ತಾನಾಗಿ ಕಪ್ಪಾಗಲು ವರ್ಷಗಳು ಬೇಕು. ನನ್ನ ಹತ್ತಿರ ಅಷ್ಟು ಹೊತ್ತು ಇರಲಿಲ್ಲ. ಆರನೇ ದಿನ ಬೆಳಗ್ಗೆ ಒಲೆಯ ಮುಂದೆ ಕೂತು, ಕೊಬ್ಬರಿ ಚಿಪ್ಪಿಗೆ ಬೆಂಕಿ ಹಚ್ಚಿ, ನಮ್ಮ ನಾಣ್ಯವನ್ನು ಇಕ್ಕಳದಲ್ಲಿ ಹಿಡಿದು ಹೊಗೆಗೆ ಒಡ್ಡಿದೆ. ಹಿಂದೆ ಮುಂದೆ ತಿರುಗಿಸಿ, ಅಂಚಿಗೂ ಹತ್ತುವ ಹಾಗೆ. ರಾಜನ ಸವೆದ ಮೂಗು ಮುಚ್ಚಿಹೋಯಿತು. ಆರಿಸಿಕೊಂಡು, ಮಾತ್ರೆ ನೀರು ಇನ್ನೊಂದು ಕೈಯಲ್ಲಿ ಹಿಡಿದು ಮಂಚದ ಹತ್ತಿರ ಹೋದೆ. ದೊಡ್ಡತ್ತೆಯ ದನಿ ನನಗೆಲ್ಲಿ ಬರಬೇಕು? ಆದರೂ ಗಟ್ಟಿಯಾಗಿ ಹೇಳಿದೆ.

"ಮಾವ, ಈ ಕಡೆ ತಿರುಗಿ. ಹೆಂಗಿದೆ ಹೇಳಿ."

ಮಾವ ತಿರುಗಿದರು. ನಾಣ್ಯ ನೋಡಿದರು, ನನ್ನ ಮುಖ ನೋಡಿದರು. ಸರಿಯಿದ್ದ ಬಲಗೈ ಚಾಚಿ ಅದನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಒಂದು ಸಲ ಒತ್ತಿ ಉಜ್ಜಿದರು. ಬೆರಳು ಕಪ್ಪಾಯಿತು. ಉಜ್ಜಿದ ಜಾಗದಲ್ಲಿ ಬೆಳ್ಳಿ ಫಳಕ್ ಅಂತು.

"ಮಸಿ ಕಣಮ್ಮ" ಅಂದರು. "ಅತ್ತಿಗೇದು ಕೈಗೆ ಹತ್ತುತ್ತಿರಲಿಲ್ಲ."

ನಾನು ಮಂಚದ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ. ತಪ್ಪಾಯಿತು ಮಾವ, ನನಗೆ ತಿಳಿಯಲಿಲ್ಲ, ಒಂದು ಮಾತ್ರೆ ತಗೊಳ್ಳಿ ಅಂತ ಏನೇನೋ ಅಂದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, ಶಾಲೆಯಲ್ಲಿ ತಪ್ಪು ಲೆಕ್ಕ ಮಾಡಿದ ಮಗುವಿಗೆ ಹೇಳುವ ದನಿಯಲ್ಲಿ ಹೇಳಿದರು:

"ಅಳಬಾರದು. ನೀನು ಚೆನ್ನಾಗಿಯೇ ತಿಕ್ಕಿದೀಯ."

ಆಮೇಲೆ ಮೂರು ದಿನ ಇದ್ದರು. ಆ ಮೂರು ದಿನದಲ್ಲಿ ಕೈ ತೊಳೆಯಬೇಕಾಗುವಂಥ ಊಟ ಏನನ್ನೂ ಮಾಡಲಿಲ್ಲ.

ಗಂಡಸರು ನೀರು ಹಾಕಿ, ಕೂರಿಸಿ, ಮೈಗೆಲ್ಲ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಬಲಗೈಯನ್ನು ಅದರ ಮೇಲೆ ಮುಚ್ಚಿ ನನ್ನನ್ನು ಕರೆದರು. ನಾಣ್ಯ ಇಡು ಅಂತ ಯಾರೂ ಹೇಳಲಿಲ್ಲ. ನಾನು ನಮ್ಮ ಅಂಚು ತಿಂದ ನಾಣ್ಯವನ್ನೇ ಇಟ್ಟೆ. ಬಗ್ಗಿ ಪಾದ ಮುಟ್ಟಲು ಹೋದಾಗ ಆ ಬಲಗೈ ನನ್ನ ಕಣ್ಣಿನ ಹತ್ತಿರ ಬಂತು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಮಸಿ ಹಾಗೇ ಇತ್ತು. ನೀರು ಹಾಕಿದವರಿಗೆ ಕಂಡಿರಲಿಲ್ಲ. ನಾನು ಸೆರಗಿನ ತುದಿ ಒದ್ದೆ ಮಾಡಿಕೊಂಡು ಉಜ್ಜಿದೆ. ಹೋಗಲಿಲ್ಲ. ಹೊತ್ತಾಯ್ತು ಏಳಮ್ಮ ಅಂತ ಹೊರಗಿನಿಂದ ಯಾರೋ ಕೂಗಿದರು. ನಾನು ಇನ್ನೂ ಉಜ್ಜುತ್ತಲೇ ಇದ್ದೆ.